ಅಪ್‌ಡೇಟ್: ಜಿಮ್ಯಾಟ್ ಸ್ಕೋರ್ ಕೊನೆಗೂ ಏರಿತು

ಎಷ್ಟು ಓದಿದರೂ ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಸ್ಕೋರ್ 575ರ ಆಸುಪಾಸಿನಲ್ಲೇ ನಿಂತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಈ ಸಲ 645 ಬಂತು!

ಹೊಸ ಪುಸ್ತಕ ಕೊಳ್ಳಬೇಡಿ, ತಪ್ಪಾದ ಪ್ರಶ್ನೆಗಳನ್ನು ಬರೆದಿಡಿ ಎಂದವರ ಮಾತೇ ಕೆಲಸಕ್ಕೆ ಬಂತು. ಬರೆದಿಟ್ಟು ನೋಡಿದರೆ ಗಣಿತ ಅಷ್ಟೇನೂ ಕೆಟ್ಟಿರಲಿಲ್ಲ. ಕೋಷ್ಟಕ, ಗ್ರಾಫ್ ನೋಡಿ ಉತ್ತರಿಸುವ ಡೇಟಾ ಇನ್‌ಸೈಟ್ಸ್ ವಿಭಾಗದಲ್ಲಿ ಸಮಯ ಸಾಲುತ್ತಿರಲಿಲ್ಲ. 45 ನಿಮಿಷಕ್ಕೆ 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. ಕೋಷ್ಟಕಗಳೇ ಅರ್ಧ ಸಮಯ ನುಂಗುತ್ತಿದ್ದವು. ಈಗ ಮೊದಲು ಪ್ರಶ್ನೆ ಓದುತ್ತೇನೆ, ಆಮೇಲೆ ಕೋಷ್ಟಕ. ಬಗೆಹರಿಯದಿದ್ದರೆ ಯಾವುದೋ ಒಂದು ಉತ್ತರ ಒತ್ತಿ, ಬುಕ್‌ಮಾರ್ಕ್ ಮಾಡಿ ಮುಂದೆ ಹೋಗುವುದು. ಹೇಗೂ ಕೊನೆಯಲ್ಲಿ ಮೂರು ಉತ್ತರ ತಿದ್ದಬಹುದು, ಅಲ್ವಾ? ಅದಕ್ಕೂ ಸಮಯ ಉಳಿದಿದ್ದೇ ಆಶ್ಚರ್ಯ.

ವರ್ಬಲ್ (ಇಂಗ್ಲಿಷ್ ಓದಿನ ವಿಭಾಗ) ಮಾತ್ರ ಇದ್ದಲ್ಲೇ ಇದೆ. ಸದ್ಯ ಅದರ ಗೊಡವೆಗೆ ಹೋಗುವುದಿಲ್ಲ. ಅರ್ಜಿಗಳ ಕೆಲಸವೇ ಜಾಸ್ತಿ ಇದೆ.