ಪದಚರ್ಚೆ: ಫಲಕಕ್ಕೆ ‘ಸ್ವಲೀನತೆ’ಯೋ, ‘ಆಟಿಸಂ’ ಎಂಬುದೋ?

ಹುಬ್ಬಳ್ಳಿಯಿಂದ:
ಮಾನ್ಯರೇ, ವಿದ್ಯಾನಗರದಲ್ಲಿ ಆಟಿಸಂ ಇರುವ ಮಕ್ಕಳ ತಂದೆತಾಯಿಗಳಿಗೆ ಸಲಹೆ ನೀಡುವ, ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೊಂದು ಆರಂಭವಾಗಲಿದೆ. ಸೋಮವಾರ ಬೆಳಿಗ್ಗೆ ಫಲಕದ ಒಕ್ಕಣೆ ಕೊಡಬೇಕಾಗಿದೆ. ಯಾವ ಪದ ಬರೆಯಿಸಲಿ?

ಗದಗಿನಿಂದ:
‘ಸ್ವಲೀನತೆ’ ಎಂದೇ ಬರೆಯಿಸಿರಿ. ‘ಆಟಿಸಂ’ ಪದಕ್ಕೆ ಮೂಲವಾದ ಗ್ರೀಕಿನ ‘ಆಟೋಸ್’ ಎಂದರೆ ‘ತಾನು’. ಅದಕ್ಕೆ ‘ಸ್ವ’ ತಕ್ಕ ಜೋಡಿ. ಪದವಿರುವಾಗ ಎರವಲೇಕೆ? ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಧಾರವಾಡದಿಂದ:
ಚರ್ಚಿಸುವಂಥದ್ದು ಬಹಳವಿದೆ. ಗದಗಿನ ಹಿರಿಯರು ಹೇಳಿದ ವ್ಯುತ್ಪತ್ತಿ ಸರಿಯೇ, ತೊಡಕಿರುವುದೂ ಅದರಲ್ಲಿಯೇ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1911ರಲ್ಲಿ ‘ಆಟಿಸಂ’ ಪದವನ್ನು ಬಳಸಿದ್ದು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದ್ದವರು ಹೊರಜಗತ್ತಿನಿಂದ ಹಿಂದೆ ಸರಿಯುವುದನ್ನು ಹೇಳಲು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅದನ್ನೇ 11 ಮಕ್ಕಳ ವಿವರಣೆಗೆ ತಂದರು. ಮುಂದೆ, ತಾಯಿಯ ಅಕ್ಕರೆ ಸಾಲದೆ ಮಗು ತನ್ನೊಳಗೆ ಮುದುಡಿಕೊಳ್ಳುತ್ತದೆ ಎಂಬ ತಪ್ಪು ತಿಳಿವಳಿಕೆ ಹಬ್ಬಿ, ದಶಕಗಳ ಕಾಲ ತಾಯಂದಿರು ಆ ಆರೋಪವನ್ನು ಹೊರಬೇಕಾಯಿತು. ಇದು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆಯೆಂದೂ ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದೂ ಸಂಶೋಧನೆ ತೋರಿಸಿಕೊಟ್ಟ ಮೇಲೆ, ಆ ಹಳೆಯ ಅರ್ಥವನ್ನು ನಾವು ಕನ್ನಡದಲ್ಲಿ ಮತ್ತೆ ಯಾಕೆ ಕೆತ್ತಬೇಕು? ‘ಸ್ವಲೀನ’ ಎಂಬುದನ್ನು ಓದಿದ ಅತ್ತೆ-ಮಾವಂದಿರು, ಮಗುವಿಗೆ ಯಾರೂ ಬೇಡವಾಗಿದ್ದಾರೆ ಎಂದೇ ತಿಳಿಯುತ್ತಾರೆ. ಮಾತು ಬಾರದ ಮಗು ಅವ್ವನ ಮುಂಗೈ ಹಿಡಿದು ಬಿಸ್ಕಿಟ್ ಡಬ್ಬಿಯವರೆಗೆ ಎಳೆದೊಯ್ದು, ಆಕೆಯ ಕೈಯನ್ನೇ ಮುಚ್ಚಳದ ಮೇಲೆ ಇಡುವುದನ್ನು ಕಂಡವರು ಹಾಗೆನ್ನಲಾರರು.

‘ಆಟಿಸಂ’ ಪದದ ಮೂಲಾರ್ಥ ಕನ್ನಡದ ಕಿವಿಗೆ ಕೇಳಿಸುವುದಿಲ್ಲ; ಅದರ ಗುಣವೇ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಒಂದಾಗಿರುವುದರಿಂದ, ಪ್ರಮಾಣಪತ್ರಕ್ಕೆ ಓಡಾಡುವ ತಾಯಿ “ಆಟಿಸಂ ಡಾಕ್ಟರ್ ಎಲ್ಲಿ ಕುಂದರ್ತಾರ್ರೀ?” ಎಂದೇ ಕೇಳುತ್ತಾಳೆ. ಫಲಕ ಆಕೆಗಾಗಿ. ‘ರೋಗ’, ‘ಪೀಡಿತ’ ಎಂಬ ಪದಗಳಂತೂ ಖಂಡಿತ ಬೇಡ. ‘ಆಟಿಸಂ: ಕುಟುಂಬ ನೆರವು ಮತ್ತು ಶಿಕ್ಷಕರ ತರಬೇತಿ ಕೇಂದ್ರ’ ಎಂದು ಬರೆಯಿಸಿರಿ.

ಗದಗಿನಿಂದ:
‘ಕ್ಷಯ’, ‘ಮಧುಮೇಹ’ಗಳನ್ನು ನಮ್ಮವರು ಬಿಡದೆ ಬಳಸಿದ್ದರಿಂದ ಅವು ಉಳಿದವು. ತಾಯಂದಿರ ಮಾತಿಗೆ ಬೆಲೆ ಕೊಟ್ಟು ಫಲಕದ ಮಟ್ಟಿಗೆ ಒಪ್ಪುತ್ತೇನೆ. ತರಬೇತಿಯ ಪಠ್ಯಕ್ಕೆ ‘ಸ್ವಲೀನತೆ’ ಒಗ್ಗದಿದ್ದರೆ ಬೇರೊಂದು ಕನ್ನಡ ಪದವನ್ನು ಕಟ್ಟೋಣ; ಅಲ್ಲಿಯೂ ಎರವಲೇ ಸಾಕೆಂಬುದನ್ನು ಮಾತ್ರ ಒಪ್ಪಲಾರೆ.