ಹೊರದೇಶದ ಫುಟ್‌ಬಾಲ್ ಕ್ಲಬ್‌ನಲ್ಲಿ ಆಡಲು ಗೋಲ್‌ಕೀಪರ್ ಎಷ್ಟು ಕಾಲ ಕಾಯಬೇಕಾಗುತ್ತದೆ?

ಪ್ರಶ್ನೆ (ಬಳ್ಳಾರಿ): ಕೆಂಪು ಧೂಳು ಮೆತ್ತಿದ ಕೈಗವಸುಗಳನ್ನು ಪ್ರತಿ ರಾತ್ರಿ ತಾನೇ ತೊಳೆದು ಒಣಗಿಸುವ ನನ್ನ 17 ವರ್ಷದ ತಮ್ಮನಿಗೆ ಯುರೋಪಿನಲ್ಲಿ ಆಡುವ ಹಂಬಲವಿದೆ. ಈಗಲೇ ಕಳುಹಿಸಬಹುದೇ?

ಉತ್ತರ: ಕೆಲವು ವಿನಾಯಿತಿಗಳನ್ನು ಬಿಟ್ಟರೆ, 18 ತುಂಬುವವರೆಗೆ ಫಿಫಾ ನಿಯಮವು ಅಂತರರಾಷ್ಟ್ರೀಯ ವರ್ಗಾವಣೆಗೆ ಅವಕಾಶ ನೀಡುವುದಿಲ್ಲ. ಆಮೇಲೂ ಕಾಯಬೇಕಾಗಬಹುದು: ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರು 2014ರಲ್ಲಿಯೇ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರೂ, ಗೋಲ್‌ಕೀಪರ್‌ಗೆ ತಂಡದಲ್ಲಿ ಒಂದೇ ಸ್ಥಾನವಿರುವುದರಿಂದ, ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಆಡಲು 2016ರವರೆಗೆ ಕಾಯಬೇಕಾಯಿತು. ಅದೇ ವರ್ಷ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಅರ್ಹತಾ ಪಂದ್ಯದಲ್ಲಿಯೂ ಆಡಿದ ಅವರು 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು.

ಇನ್ನೊಂದು ಉತ್ತರ: ಆ ಕಾಯುವಿಕೆ ವ್ಯರ್ಥವೆಂದು ನನಗನಿಸುವುದಿಲ್ಲ, ಏಕೆಂದರೆ ನಿತ್ಯದ ಅಭ್ಯಾಸದಲ್ಲಿ ಎದುರಾಗುವ ಹೊಡೆತಗಳೇ ಅಲ್ಲಿ ಬೇರೆ. ಆದರೂ ಮೊದಲು ಇಲ್ಲಿಯೇ ಪಂದ್ಯಗಳನ್ನು ಆಡಿಸಿರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು, ಇದನ್ನು ಅಪ್ಪನಿಗೂ ಓದಿ ಹೇಳುತ್ತೇನೆ.