ಪದಚರ್ಚೆ: ಚಿಟ್ಟೆಗಳು ಚಳಿಗಾಲಕ್ಕೆ ‘ಬೀಡು ಬಿಟ್ಟಿವೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ. ಸ್ವಲ್ಪ ಅರ್ಜೆಂಟು.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿಯ ಕರಾವಳಿಗೆ ಚಳಿಗಾಲದಲ್ಲಿ ಮೊನಾರ್ಕ್ ಚಿಟ್ಟೆಗಳು ಬರುತ್ತವೆ. ಸಾಂಟಾಕ್ರೂಜ್, ಪೆಸಿಫಿಕ್ ಗ್ರೋವ್, ಪಿಸ್ಮೊ ಬೀಚ್, ಹೀಗೆ ಉದ್ದಕ್ಕೂ. ರಾಕಿ ಬೆಟ್ಟಗಳ ಪಶ್ಚಿಮಕ್ಕಿರುವ ರಾಜ್ಯಗಳಿಂದ ಬಂದು, ನವೆಂಬರಿನಿಂದ ಫೆಬ್ರವರಿವರೆಗೆ ಮರಗಳಲ್ಲಿ ಉಳಿಯುತ್ತವೆ. ಆ ಮರಗಳೇ ಈಗ ಕಡಿಮೆಯಾಗುತ್ತಿವೆ. 2023ರ ಜನವರಿಯ ಬಿರುಗಾಳಿಗೆ ಎಷ್ಟೋ ಕಡೆ ಉರುಳಿ ಬಿದ್ದವು. ಊರಿನವರು ಸೇರಿ ಮತ್ತೆ ನೆಡುತ್ತಿದ್ದಾರೆ. ನಾವು ನಾಲ್ಕು ಕನ್ನಡದ ಮನೆಯವರೂ ಶನಿವಾರ ಗುದ್ದಲಿ ಹಿಡಿದು ಹೋಗುತ್ತೇವೆ. ಕನ್ನಡ ಶಾಲೆಯ ಮಕ್ಕಳಿಗೆ ಎರಡು ಪುಟದ ಕರಪತ್ರ ಬರೆಯೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಓವರ್‌ವಿಂಟರಿಂಗ್’ ಅನ್ನುತ್ತಾರೆ. ನಮ್ಮಲ್ಲಿ ಏನನ್ನಬೇಕು?

‘ಚಳಿನಿದ್ದೆ’, ‘ಶೀತನಿದ್ರೆ’ ಅಂತ ಕೆಲವರು ಹೇಳಿದರು. ಅದು ಕರಡಿಗೆ ಸರಿ. ಈ ಚಿಟ್ಟೆಗಳು ನಿದ್ದೆ ಮಾಡುವುದಿಲ್ಲ. ಸುಮಾರು 13 ಡಿಗ್ರಿಗಿಂತ ತಣ್ಣಗಿದ್ದರೆ ಹಾರಲಾಗದೆ ಸುಮ್ನೆ ಜೋತುಬಿದ್ದಿರುತ್ತವೆ, ಅಷ್ಟೇ. ಬಿಸಿಲು ಬಂತೆಂದರೆ ಎದ್ದು ನೀರು ಕುಡಿದು, ಹೂವು ಹುಡುಕಿ, ಸಂಜೆಗೆ ವಾಪಸ್.

ಗೆಳೆಯನೊಬ್ಬ ‘ಚಾತುರ್ಮಾಸ್ಯ’ ಅಂದ. ತಮಾಷೆಗೆ ಅಂದಿದ್ದು, ಆದರೆ ಯೋಚಿಸಿದರೆ ಬಹಳ ಹತ್ತಿರ ಇದೆ! ಒಂದೇ ಜಾಗದಲ್ಲಿ ನಾಲ್ಕು ತಿಂಗಳು. ಸಾಲದ್ದಕ್ಕೆ ಬ್ರಹ್ಮಚರ್ಯ ಬೇರೆ. ಈ ತಲೆಮಾರಿನ ಚಿಟ್ಟೆಗಳು ಹೆಚ್ಚುಕಮ್ಮಿ ಫೆಬ್ರವರಿವರೆಗೆ ಜೋಡಿಯಾಗುವುದೇ ಇಲ್ಲ. ಅದಕ್ಕೇ ಆರರಿಂದ ಒಂಬತ್ತು ತಿಂಗಳು ಬದುಕುತ್ತವೆ. ಬೇಸಿಗೆಯಲ್ಲಿ ಹುಟ್ಟಿದವು ಕೆಲವೇ ವಾರ. ಆದರೆ ಅದು ಮಳೆಗಾಲದ ವ್ರತ. ಮಕ್ಕಳಿಗೆ ಸ್ವಾಮಿಗಳ ಕಥೆಯಿಂದ ಶುರುಮಾಡಬೇಕಾಗುತ್ತದೆ.

ನನಗೆ ಒಪ್ಪಿಗೆಯಾಗಿರುವುದು ‘ಬೀಡು’. ಕುರಿಗಾಹಿಗಳು ಬೀಡು ಬಿಡುತ್ತಾರೆ, ದಂಡು ಬೀಡು ಬಿಡುತ್ತದೆ. ಮುಂದೆ ಎದ್ದು ಹೋಗುವವರು ಅನ್ನುವುದು ಆ ಮಾತಿನೊಳಗೇ ಇದೆ. ‘ಚಿಟ್ಟೆಗಳು ಚಳಿಗೆ ಬೀಡು ಬಿಟ್ಟಿವೆ’. ಜಾಗಕ್ಕೆ ‘ಚಳಿಬೀಡು’. ಅನುಮಾನ ಒಂದೇ: ತುಳುನಾಡಿನವರಿಗೆ ಬೀಡು ಅಂದರೆ ದೊಡ್ಡ ಮನೆತನದ ಮನೆ, ಅಲ್ವಾ? ಅವರ ಕಿವಿಗೆ ಇದು ಹೇಗೆ ಕೇಳಿಸುತ್ತದೆ?

ಉಳಿದ ಪದಗಳನ್ನು ಹೆಚ್ಚಾಗಿ ಕೊಟ್ಟಿದ್ದು ಅಮ್ಮ. ಮಾಲೂರಿನಿಂದ ಬಂದಿದ್ದಾಗ ಡಿಸೆಂಬರಿನ ಒಂದು ಬೆಳಗ್ಗೆ ಕರೆದುಕೊಂಡು ಹೋಗಿದ್ದೆ. ಕಾರಿಳಿದವರೇ ಮೂಗು ಅರಳಿಸಿ, ‘ಇಲ್ಲೂ ನೀಲಗಿರಿ ತೋಪೇನೋ?’ ಅಂದರು. ಹೌದು, ಅದೇ ಬಳಗದ ಮರ. 1850ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಇಲ್ಲಿಗೆ ಬಂದದ್ದು. ನಮ್ಮ ಕಡೆ ಅಂತರ್ಜಲ ಕುಡಿಯುತ್ತದೆ ಅಂತ 2017ರಲ್ಲಿ ಸರ್ಕಾರ ನೆಡುವುದನ್ನೇ ನಿಷೇಧಿಸಿತು. ಇಲ್ಲಿ ಚಿಟ್ಟೆಗಳಿಗೆ ಅದೇ ಆಸರೆ. ಜೊತೆಗೆ ಇಲ್ಲಿಯದೇ ಆದ ಪೈನ್, ಸೈಪ್ರೆಸ್. ‘ಗ್ರೋವ್’ಗೆ ‘ತೋಪು’ ಅನ್ನುವ ಪದ ಆ ಕ್ಷಣವೇ ಸಿಕ್ಕಿತು. ತೋಪಿನ ಅಂಚಿಗೆ ನೆಡುವ ಮರಗಳಿಗೆ ‘ಗಾಳಿಮರೆ’ ಅಂತಿಟ್ಟಿದ್ದೇನೆ.

ಆಮೇಲೆ ಅಮ್ಮ ‘ಚಿಟ್ಟೆ ಎಲ್ಲಿ? ಬರೀ ಒಣಗಿದ ಎಲೆ’ ಅಂತ ಗೊಣಗಿದರು. ಹತ್ತು ನಿಮಿಷಕ್ಕೆ ಮೋಡ ಸರಿಯಿತು. ಒಣಗಿದ ಎಲೆಯೆಲ್ಲ ಒಟ್ಟಿಗೆ ರೆಕ್ಕೆ ತೆರೆದು ಕೊಂಬೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ‘ಅಯ್ಯೋ, ಗೊಂಚಲು ಗೊಂಚಲು!’ ನಾನು ಅಲ್ಲಿಯವರೆಗೆ ‘ಕ್ಲಸ್ಟರ್’ಗೆ ‘ಗುಂಪು’ ಅಂತ ಬರೆದಿದ್ದೆ. ಗುಂಪು ನೆಲದ ಮೇಲೆ ನಿಲ್ಲುತ್ತದೆ, ಗೊಂಚಲು ತೂಗಾಡುತ್ತದೆ. ಲೆಕ್ಕ ಹಾಕುವವರಿಗೂ ಇದೇ ಅನುಕೂಲ. ಗೊಂಚಲಿನ ಒಂದು ಸಣ್ಣ ಭಾಗದಲ್ಲಿ ಎಷ್ಟಿವೆ ಅಂತ ಎಣಿಸಿ, ಅದರಿಂದ ಇಡೀ ಗೊಂಚಲನ್ನು ಅಂದಾಜು ಮಾಡುತ್ತಾರೆ. 1997ರಿಂದ ವರ್ಷಾವರ್ಷ ಸ್ವಯಂಸೇವಕರೇ ಎಣಿಸುತ್ತಿದ್ದಾರೆ. 2020ರಲ್ಲಿ ಇಡೀ ಕರಾವಳಿಗೆ ಸಿಕ್ಕಿದ್ದು 2,000ಕ್ಕಿಂತ ಕಡಿಮೆ. 2022ರಲ್ಲಿ 3,30,000 ದಾಟಿತು. 2024ರಲ್ಲಿ ಮತ್ತೆ 9,119.

ಇನ್ನು ‘ಮಿಲ್ಕ್‌ವೀಡ್’. ಮೊನಾರ್ಕ್ ಹುಳು ತಿನ್ನುವುದು ಈ ಗಿಡದ ಎಲೆ ಮಾತ್ರ. ಯಾರೋ ‘ಹಾಲುಕಳೆ’ ಅಂತ ಅನುವಾದಿಸಿದ್ದು ನೋಡಿದೆ. ದಯವಿಟ್ಟು ಬೇಡ. ಕಳೆ ಅಂದರೆ ನಮ್ಮವರ ಕೈ ತಾನಾಗೇ ಕೀಳಲು ಹೋಗುತ್ತದೆ. ನಮ್ಮ ಎಕ್ಕ ಇದರ ನೆಂಟ. ಮುರಿದರೆ ಅದೇ ಬಿಳಿ ಹಾಲು. ಎಕ್ಕದ ಎಲೆ ತಿಂದು ಬೆಳೆಯುವ ನಮ್ಮ ಕಿತ್ತಳೆ ಬಣ್ಣದ ಚಿಟ್ಟೆ ಕೂಡ ಮೊನಾರ್ಕ್‌ನ ದಾಯಾದಿಯೇ. ಬರೀ ಎಕ್ಕ ಅಂದರೆ ರಥಸಪ್ತಮಿಯ ಎಲೆ ಅಂದುಕೊಳ್ಳುತ್ತಾರೆ. ಹಾಗಾಗಿ ಸೀಮೆಹುಣಸೆ, ಸೀಮೆಬದನೆ ಇದ್ದ ಹಾಗೆ ‘ಸೀಮೆಎಕ್ಕ’ ಆಗಬಹುದಾ?

ಪದ ಸರಿಯಾಗಿಲ್ಲದಿದ್ದರೆ ಇಲ್ಲಿ ಎಡವಟ್ಟಾಗುತ್ತದೆ. ಯಾಕೆಂದರೆ ಚಳಿಬೀಡಿನ 5 ಮೈಲಿ ಒಳಗೆ ಈ ಗಿಡ ನೆಡಬೇಡಿ ಅನ್ನುತ್ತಾರೆ ತಿಳಿದವರು. ಅದರಲ್ಲೂ ವರ್ಷವಿಡೀ ಹಸಿರಾಗಿರುವ, ಕೆಂಪು-ಹಳದಿ ಹೂವಿನ ಜಾತಿ ಬೇಡವೇ ಬೇಡ. ಅದರ ಎಲೆಯಲ್ಲಿ ಚಿಟ್ಟೆಗೆ ರೋಗ ತರುವ ಸೂಕ್ಷ್ಮಜೀವಿ ಉಳಿದುಬಿಡುತ್ತದೆ. ತೋಪಿನ ಹತ್ತಿರ ಬೇಕಾದದ್ದು ಚಳಿಗಾಲದಲ್ಲಿ ಹೂಬಿಡುವ ಸ್ಥಳೀಯ ಗಿಡಗಳು. ‘ಚಿಟ್ಟೆಗೆ ಎಕ್ಕ ನೆಡಿ’ ಅಂತ ಅರ್ಧ ಓದಿಕೊಂಡು ಹೊರಟರೆ ಕಷ್ಟ.

‘ರೆಸ್ಟೊರೇಶನ್’ಗೆ ‘ಪುನಶ್ಚೇತನ’ ಅಂತ ಬರೆದು ಹೊಡೆದುಹಾಕಿದ್ದೇನೆ. ‘ಜೀರ್ಣೋದ್ಧಾರ’ ಅಂದರೆ ಚಂದಾ ಎತ್ತಲು ಬಂದರು ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ತೋಪನ್ನು ಮತ್ತೆ ಕಟ್ಟುವುದು’ ಅಂತಿದೆ.

ಘಟ್ಟದ ಕಡೆಯವರಲ್ಲಿ ಒಂದು ಪ್ರಶ್ನೆ. ಮುಂಗಾರಿಗೆ ಮುಂಚೆ ನೀಲಿ ಪಟ್ಟೆಯ ಚಿಟ್ಟೆಗಳು ಸಾವಿರಗಟ್ಟಲೆ ಬಯಲು ಸೀಮೆಗೆ ಇಳಿಯುತ್ತವಲ್ಲ, ಮಳೆ ಮುಗಿದ ಮೇಲೆ ವಾಪಸ್ ಬರುತ್ತವಲ್ಲ, ಅವು ದಾರಿಯಲ್ಲಿ ಒಂದು ಮರಕ್ಕೆ ಕವಿದು ಕೂತರೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಅಜ್ಜಿಯರನ್ನು ಒಮ್ಮೆ ಕೇಳಿ ಹೇಳುತ್ತೀರಾ? ಶುಕ್ರವಾರ ರಾತ್ರಿ ಪ್ರಿಂಟಿಗೆ ಕೊಡಬೇಕು.